ಮನೆ ಮಾರುವಾಗ ನಡುವೆ ನಿಲ್ಲುವವರು: ಸೇನಬೋವನಿಂದ ಬ್ರೋಕರ್‌ವರೆಗೆ

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ಓದಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಮಾತುಗಳು ಎಲ್ಲೋ ನಡುವೆ ಸಿಗಬಹುದು. ಇವನ್ನು ಅಷ್ಟಭೋಗ ಅನ್ನುತ್ತಾರೆ. ವಿಜಯನಗರ ಕಾಲದ ಶಾಸನಗಳಲ್ಲಿರುವ ಪದಗಳೇ ಇವು. ಮಣ್ಣಿನಡಿ ಸಿಗುವ ನಿಧಿಯಿಂದ ಹಿಡಿದು ಮುಂದೆ ಬರಬಹುದಾದ ಆದಾಯದವರೆಗೆ ಎಲ್ಲ ಹಕ್ಕೂ ನಿಮಗೇ ಸೇರಿತು ಎಂದು ಅದರ ಅರ್ಥ. ಪತ್ರ ಬರಹಗಾರರು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಕಲ್ಲಿನ ಶಾಸನಗಳಲ್ಲಿ ಇನ್ನೂ ಮೂರು ವಿಷಯ ಕಾಣುತ್ತವೆ: ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ಬರೆದ ಸೇನಬೋವ. ಎಲ್ಲೆ ಇಂದಿನ ಚಕ್ಕುಬಂದಿಯಾಯಿತು, ಸೇನಬೋವ ಶಾನುಭೋಗನಾದ. ಗಿರಾಕಿ ಹುಡುಕಿಕೊಡುವವನು ಮಾತ್ರ ಅಲ್ಲಿ ಕಾಣುವುದಿಲ್ಲ. ಕೊಳ್ಳುವವನೂ ಅಕ್ಕಪಕ್ಕದವನೇ ಆಗಿರುತ್ತಿದ್ದಾಗ ಅವನ ಅಗತ್ಯವೇ ಇದ್ದಿರಲಾರದು ಅಂತ ನಮಗೆ ಅನಿಸುತ್ತದೆ.

ದಲ್ಲಾಳಿ ಅನ್ನುವ ಪದ ಅರಬ್ಬಿ ಭಾಷೆಯ 'ದಲ್ಲಾಲ್'ನಿಂದ ಬಂದದ್ದು, ದಾರಿ ತೋರಿಸುವವನು ಎಂಬ ಅರ್ಥ ಅದರ ಬುಡದಲ್ಲಿದೆ. ದನದ ಜಾತ್ರೆಯಲ್ಲಿ ಅವನನ್ನು ನೀವೆಲ್ಲ ನೋಡಿದ್ದೀರಿ. ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ರೇಟು ಕುದುರಿಸುತ್ತಾನೆ. ಆದರೆ ಎತ್ತು ಕಣ್ಣೆದುರಿಗೇ ನಿಂತಿರುತ್ತದೆ, ಹಲ್ಲು ಎಣಿಸಬಹುದು. ಮನೆ ಹಾಗಲ್ಲ. ಮನೆ ಎದುರಿಗಿದ್ದರೂ ಅದರ ಹಕ್ಕು ಕಾಗದದಲ್ಲಿ ಇರುತ್ತದೆ. ಕಾಗದ ಯಾರ ಹತ್ತಿರ ಇದೆ, ಯಾರಿಗೆ ಓದಲು ಬರುತ್ತದೆ ಅನ್ನುವುದರ ಮೇಲೇ ನಡುವಿನವನ ಬಲ ನಿಂತಿದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಬೇಕೇ ಬೇಕು ಎಂದಿತು. 1908ರ ನೋಂದಣಿ ಕಾಯ್ದೆ ಅದರ ವಿಧಾನ ಹೇಳಿತು. ಸಬ್ ರಿಜಿಸ್ಟ್ರಾರ್ ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಮಾರುವವನೇ ನಿಜವಾದ ಒಡೆಯ ಎಂದು ಗ್ಯಾರಂಟಿ ಕೊಡುವುದಿಲ್ಲ. ಆ ತಿಳಿವಳಿಕೆ ಊರಲ್ಲಿ ಶಾನುಭೋಗರ ದಫ್ತರದಲ್ಲಿ, ಅವರ ತಲೆಯಲ್ಲಿ ಇತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆಯುವ ಕಾಯ್ದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ದಫ್ತರ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು.

ಆದರೆ ಪಹಣಿ ಇರುವುದು ಹೊಲಕ್ಕೆ. ಊರೊಳಗಿನ ಮನೆ ಗ್ರಾಮಠಾಣದಲ್ಲಿರುತ್ತದೆ. ಕಂದಾಯದ ಸರ್ವೆ ಹೊಲಗಳನ್ನು ಅಳೆಯಿತು, ಗ್ರಾಮಠಾಣದೊಳಗೆ ಒಂದೊಂದು ಮನೆಯನ್ನೂ ಅಳೆಯುವ ಗೋಜಿಗೆ ಹೋಗಲಿಲ್ಲ. ಕಂದಾಯ ಬರುವುದು ಹೊಲದಿಂದ ತಾನೇ! ಯಾವ ಗೋಡೆ ಯಾರದ್ದು, ಯಾವ ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲೇ ಆಗಿದೆ ಎಂಬುದು ಊರವರ ನೆನಪಿನಲ್ಲಿ ಉಳಿಯಿತು. ಆ ನೆನಪೇ ಬ್ರೋಕರ್‌ನ ಬಂಡವಾಳ. ಪಂಚಾಯಿತಿಯ ಇ-ಸ್ವತ್ತು, ಅಂದರೆ ಫಾರಂ 9 ಮತ್ತು 11, ಬಂದ ಮೇಲೆ ಇದು ಸ್ವಲ್ಪ ಬದಲಾಯಿತು. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಈಗ ಡ್ರೋನ್ ಹಾರಿಸಿ ಗ್ರಾಮಠಾಣ ಅಳೆಯುತ್ತಿದ್ದಾರೆ.

ಇಷ್ಟರಲ್ಲಿ ಬ್ರೋಕರ್ ಕೂಡ ಬದಲಾದ. ಪಟ್ಟಣ ಹತ್ತಿರ ಬಂದಂತೆ ಗಿರಾಕಿ ದೂರದವನಾದ. ಮಾರುವವರಿಗೆ ಅವನ ಮುಖವೇ ಗೊತ್ತಿಲ್ಲ. ಕಮಿಷನ್‌ಗಿಂತ ದೊಡ್ಡ ದುಡ್ಡು ಆಗ ಸಿಕ್ಕಿದ್ದು 'ಮಾರ್ಜಿನ್'ನಲ್ಲಿ: ನಿಮಗೆ 18 ಲಕ್ಷ ಹೇಳಿ, ಗಿರಾಕಿಗೆ 23 ಹೇಳಿ, ನಡುವಿನ 5 ಲಕ್ಷ ಇಟ್ಟುಕೊಳ್ಳುವುದು. ಇನ್ನೊಂದು ದಾರಿ, ಸ್ವಲ್ಪ ಟೋಕನ್ ಕೊಟ್ಟು ತನ್ನ ಹೆಸರಿಗೇ ಅಗ್ರಿಮೆಂಟ್ ಬರೆಸಿಕೊಂಡು, ಕಾಲ ತಳ್ಳುತ್ತಾ ಬೇರೆಯವರಿಗೆ ದಾಟಿಸುವುದು. ಮೂರನೆಯದು ಜಿಪಿಎ. ಬರೀ ಜಿಪಿಎಯಿಂದ ಒಡೆತನ ಕೈ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಹಾಗಂತ ನಿರಾಳ ಆಗಬೇಡಿ. ಮಾರುವ ಅಧಿಕಾರ ಕೊಟ್ಟ ಜಿಪಿಎ ಅವನ ಕೈಲಿದ್ದರೆ ನಿಮ್ಮ ಪರವಾಗಿ ಅವನೇ ಕ್ರಯಪತ್ರಕ್ಕೆ ಸಹಿ ಹಾಕಬಲ್ಲ.

ರೇರಾ ಕಾಯ್ದೆ ಇದೆಯಲ್ಲ ಅನ್ನಬಹುದು. 2016ರ ಆ ಕಾಯ್ದೆ ಏಜೆಂಟರು ನೋಂದಣಿ ಮಾಡಿಸಲೇಬೇಕು ಎಂದಿತು, ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಆದರೆ ಅದು ಲೇಔಟ್, ಅಪಾರ್ಟ್‌ಮೆಂಟ್‌ನಂಥ ಯೋಜನೆಗಳ ಮಾರಾಟಕ್ಕೆ. ನಿಮ್ಮ ಅಜ್ಜ ಕಟ್ಟಿಸಿದ ಹೆಂಚಿನ ಮನೆ ಅದರೊಳಗೆ ಬರುವುದಿಲ್ಲ.

ನಿಮ್ಮ ನೆರವಿಗೆ ಇರುವುದು ಅದಕ್ಕಿಂತ ಬಹಳ ಹಳೆಯದು, 1872ರ ಕರಾರು ಕಾಯ್ದೆ. ಅದರ 213ನೇ ಕಲಂ ಪ್ರಕಾರ ಕೇಳಿದಾಗ ಏಜೆಂಟ್ ಲೆಕ್ಕ ಒಪ್ಪಿಸಬೇಕು. 216ನೇ ಕಲಂ ಪ್ರಕಾರ ನಿಮಗೆ ತಿಳಿಸದೆ ಅವನು ತನಗಾಗಿಯೇ ವ್ಯವಹಾರ ಮಾಡಿಕೊಂಡಿದ್ದರೆ, ಅದರಿಂದ ಬಂದ ಲಾಭವನ್ನು ನೀವು ಕೇಳಬಹುದು. 219 ಹೇಳುವುದು: ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಮುಗಿಯುವವರೆಗೆ ಕೂಲಿ ಕೊಡಬೇಕಾಗಿಲ್ಲ. ಕೋರ್ಟಿನಲ್ಲಿ ಇದನ್ನು ಸಾಬೀತು ಮಾಡಲು ಕಾಗದ ಬೇಕು, ನಮ್ಮೂರುಗಳಲ್ಲಿ ಬ್ರೋಕರ್ ಜೊತೆ ಕಾಗದ ಮಾಡಿಕೊಳ್ಳುವವರು ಕಡಿಮೆ. "ಗೊತ್ತಿರೋನೇ, ಕಾಗದ ಕೇಳಿದ್ರೆ ಏನಂದ್ಕೊಳ್ತಾನೆ" ಅನ್ನುವ ಸಂಕೋಚ.

ಒಂದು ಪುಟ ಸಾಕು. ಕಮಿಷನ್ ಎಷ್ಟು, ಅದು ನೋಂದಣಿ ದಿನವೇ, ಎಷ್ಟು ತಿಂಗಳ ಗಡುವು, ಗಿರಾಕಿಯನ್ನು ನೇರ ಕೂರಿಸಿ ಮಾತಾಡಿಸುತ್ತಾನೋ ಇಲ್ಲವೋ, ಅವನಿಗೂ ಗಿರಾಕಿಯಿಂದ ದುಡ್ಡು ಬರುತ್ತದೋ. ಇದಕ್ಕೆ ಸಹಿ ಹಾಕಲು ಒಪ್ಪುವವನನ್ನು ಆರಿಸಿ. ಅದಕ್ಕೂ ಮೊದಲು ಫಾರಂ 9, 11 ಪಂಚಾಯಿತಿಯಿಂದ ನೀವೇ ತನ್ನಿ. ಋಣಭಾರ ಪತ್ರ, ಅಂದರೆ ಇ.ಸಿ.ಗೆ, ಕಾವೇರಿ ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಬ್ರೋಕರ್‌ಗಳು "ನಾನು ತೆಗೆಸಿಕೊಡ್ತೀನಿ ಬಿಡಿ" ಅಂತ ಮೊದಲು ಕೇಳಿ ಪಡೆಯುವುದೇ ಈ ಕಾಗದಗಳನ್ನು.