ಕಾಯುವ ನೀರು

ಹಂಡೆಯ ಕೆಳಗೆ ತೆಂಗಿನ ಮಟ್ಟೆಯನ್ನೂ ಅಡಕೆಯ ಸಿಪ್ಪೆಯನ್ನೂ ಒಟ್ಟಿ, ನೀರು ಕಾಯುವ ತನಕ ಬಚ್ಚಲೊಲೆಯ ಮುಂದೆ ಅಂಗೈ ಬೆಚ್ಚಗೆ ಮಾಡಿಕೊಳ್ಳುತ್ತ ತಾವೂ ಕಾದು ಕುಳಿತಿರುತ್ತಿದ್ದವರಿಗೆ, ಬಿಸಿಯಾಗುವುದಕ್ಕೂ ನಿರೀಕ್ಷಿಸುವುದಕ್ಕೂ ಕನ್ನಡವು ಒಂದೇ ಮಾತನ್ನು ಇಟ್ಟುಕೊಂಡಿರುವುದರ ಔಚಿತ್ಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಹಂಡೆಯನ್ನು ಮೂಲೆಗೊತ್ತಿ ಈಗ ಗೋಡೆಯನ್ನೇರಿರುವ ಯಂತ್ರಕ್ಕೆ ನಾವು ಗೀಸರ್ ಎನ್ನುತ್ತೇವೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತನು ತಾನು ನಿರ್ಮಿಸಿದ ನೀರು ಕಾಯಿಸುವ ಉಪಕರಣಕ್ಕೆ ಈ ಹೆಸರನ್ನಿಟ್ಟನು. ಅವನು ಅದನ್ನು ಎರವಲು ತಂದದ್ದು ಐಸ್‌ಲೆಂಡಿನ ಹೌಕಾದಾಲೂರ್ ಕಣಿವೆಯ ಒಂದು ಬುಗ್ಗೆಯಿಂದ. ಆ ಬುಗ್ಗೆಯ ಹೆಸರು ಗೇಸಿರ್. ಆ ನಾಡಿನ ನುಡಿಯಲ್ಲಿ ಉಕ್ಕಿ ಚಿಮ್ಮುವಂಥದು ಎಂದರ್ಥ.

1294ರ ಭೂಕಂಪದ ವೃತ್ತಾಂತದಲ್ಲಿಯೇ ಈ ಕಣಿವೆಯ ಬಿಸಿನೀರಿನ ಬುಗ್ಗೆಗಳ ಉಲ್ಲೇಖವಿದೆ. ಹದಿನೆಂಟು ಮೀಟರುಗಳಷ್ಟು ಅಗಲದ ತಟ್ಟೆಯಂಥ ಕೊಳ, ಅದರ ನಡುವೆ ಸುಮಾರು ಇಪ್ಪತ್ತು ಮೀಟರು ಕೆಳಗಿಳಿಯುವ ಕೊಳವೆ, ಸುತ್ತಲೂ ನೀರೇ ಶತಮಾನಗಳ ಕಾಲ ಪದರ ಪದರವಾಗಿ ಕಟ್ಟಿದ ಬೂದುಬಣ್ಣದ ಸಿಲಿಕಾದ ಕಟ್ಟೆ: ಇಷ್ಟೇ ಗೇಸಿರಿನ ಆಕಾರ. ಇಂಥ ಬುಗ್ಗೆಗೆ ಭೂಗರ್ಭದ ಶಾಖವೂ ಧಾರಾಳವಾದ ನೀರೂ ಇದ್ದರೆ ಸಾಲದು. ಆ ನೀರು ಸುಲಭವಾಗಿ ಮೇಲೇರದಂತೆ ತಡೆಹಿಡಿಯುವ ಇಕ್ಕಟ್ಟಾದ ಮಾರ್ಗವೂ ಬೇಕು. ಆ ಇಕ್ಕಟ್ಟು ತಪ್ಪಿದರೆ ಅದು ಬರಿಯ ಬಿಸಿನೀರಿನ ಹೊಂಡವಾಗಿ ಉಳಿಯುತ್ತದೆ.

ಇದರ ರಹಸ್ಯವನ್ನು ಬಿಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್. 1846ರಲ್ಲಿ ಇಲ್ಲಿಗೆ ಬಂದ ಆತನು, ಯಾವ ಕ್ಷಣದಲ್ಲಿ ಉಕ್ಕುವುದೋ ತಿಳಿಯದ ಆ ಬಾಯಿಯೊಳಕ್ಕೆ ಉಷ್ಣಮಾಪಕವನ್ನು ಇಳಿಬಿಟ್ಟು, ತಳದ ನೀರು ನೂರು ಡಿಗ್ರಿಯನ್ನು ಬಹಳ ಮೀರಿಯೂ ಕುದಿಯದೆ ಇರುವುದನ್ನು ಕಂಡನು. ಮೇಲಿನ ನೀರಿನ ಭಾರವೇ ಅದಕ್ಕೆ ಕಾರಣ: ಹತ್ತು ಮೀಟರು ಆಳದಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು, ಇಪ್ಪತ್ತು ಮೀಟರಿನಲ್ಲಿ 134ರಷ್ಟು. ಹೀಗೆ ಅದುಮಿಟ್ಟ ಶಾಖವು ಕಾದು ಕಾದು, ಕೆಲವು ಗುಳ್ಳೆಗಳು ಮೇಲೆದ್ದು ಒಂದಿಷ್ಟು ನೀರನ್ನು ದಂಡೆಯಾಚೆ ತುಳುಕಿಸಿದೊಡನೆ, ಕೆಳಗಿನ ಒತ್ತಡ ತಗ್ಗಿ, ಅತಿತಪ್ತವಾದ ನೀರು ಥಟ್ಟನೆ ಆವಿಯಾಗಿ ತನ್ನ ಮೇಲಿರುವುದನ್ನೆಲ್ಲ ಆಕಾಶಕ್ಕೆ ಎಸೆಯುತ್ತದೆ.

ನೀರು ಕಾದಷ್ಟು ಮನುಷ್ಯನು ಕಾಯಲಾರನು. ಮುಂದೆ 1884ರಿಂದ 1888ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್, 1856ರಲ್ಲಿ ಈ ಗೇಸಿರಿನ ಮಗ್ಗುಲಲ್ಲಿ ಗುಡಾರ ಹೊಡೆದು ಮೂರು ದಿನ ಅದರ ದರ್ಶನಕ್ಕಾಗಿ ಕಾದನು; ಆದರೆ ಸಮೀಪದ ಇನ್ನೊಂದು ಬುಗ್ಗೆಯಾದ ಸ್ಟ್ರೊಕ್ಕುರ್‌ನ ಬಾಯಿಗೆ ಹುಲ್ಲುಹೆಂಟೆಗಳನ್ನು ತುರುಕಿ ಅದನ್ನು ಕೆರಳಿಸುವುದು ಆ ಕಾಲದ ಪ್ರವಾಸಿಗಳಿಗೆ ವಾಡಿಕೆಯ ವಿನೋದವಾಗಿದ್ದಿತು. ಸ್ಟ್ರೊಕ್ಕುರ್ ಎಂದರೆ ಬೆಣ್ಣೆ ಕಡೆಯುವ ಪಾತ್ರೆ. ಹೈನಿನ ಮನೆಯವರು ಇಟ್ಟ ಹೆಸರೆಂಬುದು ಕೇಳಿದರೇ ತಿಳಿಯುತ್ತದೆ. 1894ರಲ್ಲಿ ಅಲ್ಲಿಯ ರೈತನು ಬುಗ್ಗೆಯ ನೆಲವನ್ನು ಜೇಮ್ಸ್ ಕ್ರೇಗ್‌ಗೆ ಮಾರಿದನು. ಉತ್ತರ ಐರ್ಲೆಂಡಿನ ಮೊದಲ ಪ್ರಧಾನಿಯಾಗಲಿದ್ದ ಆತನು ಬೇಲಿ ಹಾಕಿ ನೋಡುವುದಕ್ಕೂ ಸುಂಕ ವಿಧಿಸಿದನು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಗೇಸಿರ್ ಮೌನವಾಯಿತು. 1935ರಲ್ಲಿ ಸಿಗುರ್ದುರ್ ಯೋನಾಸನ್ ಎಂಬವರು ಅದನ್ನು ಕೊಂಡು ದೇಶಕ್ಕೆ ಅರ್ಪಿಸಿದರು. ಅದೇ ವರ್ಷ ಸಿಲಿಕಾದ ಕಟ್ಟೆಯಲ್ಲಿ ಕಾಲುವೆ ಕಡಿದು ನೀರಿನ ಮಟ್ಟವನ್ನು ತಗ್ಗಿಸಿದ ಮೇಲೆ ಅದು ಮತ್ತೆ ಚಿಮ್ಮಿತು. ಕಾಲುವೆ ಕ್ರಮೇಣ ಮುಚ್ಚಿಕೊಂಡಾಗ, ಹಬ್ಬಹರಿದಿನಗಳಂದು ಸಾಬೂನು ಸುರಿದು ಚಿಮ್ಮಿಸುವ ಪದ್ಧತಿಯೂ ಬಂದಿತು. ಒಂದು ಮಹಾಬುಗ್ಗೆಗೆ ಬಟ್ಟೆ ಒಗೆಯುವ ಉಪಚಾರ!

ಬಿಸಿನೆಲವು ಮನುಷ್ಯನಿಗೆ ಉಪಕಾರಿಯಾಗಿಲ್ಲವೆಂದಲ್ಲ. ಐಸ್‌ಲೆಂಡಿನ ಹೆಂಗಸರು ಅದರ ನೀರಿನಲ್ಲಿ ಬಟ್ಟೆ ಒಗೆದಿದ್ದಾರೆ, ಬೆಚ್ಚನೆಯ ಮಣ್ಣಿನಲ್ಲಿ ರೈ ರೊಟ್ಟಿಯ ಪಾತ್ರೆಯನ್ನು ಹೂತು ಬೇಯಿಸಿದ್ದಾರೆ. ಇಂದು ಆ ನಾಡಿನ ಬಹುಪಾಲು ಮನೆಗಳಿಗೆ ಭೂಶಾಖವೇ ಅಗ್ಗಿಷ್ಟಿಕೆ. ಆದರೆ ಶಾಖವನ್ನು ಎಳೆದುಕೊಂಡಷ್ಟೂ ಒತ್ತಡ ಸೋರಿಹೋಗುತ್ತದೆ. ನ್ಯೂಜಿಲೆಂಡಿನ ವೈರಾಕೇಯಲ್ಲಿ 1958ರಲ್ಲಿ ವಿದ್ಯುದಾಗಾರವು ಆರಂಭವಾದ ಮೇಲೆ, ಕೊಳವೆಬಾವಿಗಳು ಆವಿಯನ್ನು ಸೆಳೆದುಕೊಂಡು, ಪಕ್ಕದ ಕಣಿವೆಯ ಪ್ರಖ್ಯಾತ ಚಿಲುಮೆಗಳು ಕೆಲವೇ ವರ್ಷಗಳಲ್ಲಿ ನಂದಿಹೋದುವು.

ಹೊಲವನ್ನು ಕಾಯುವುದು, ಊರನ್ನು ಕಾಯುವುದು ಎನ್ನುವಾಗ ನಮ್ಮ ಮಾತಿಗೆ ಮೂರನೆಯ ಅರ್ಥವೊಂದುಂಟು. ಹೌಕಾದಾಲೂರಿನ ಜನ ಅದನ್ನು ಕೊನೆಗೆ ಕಲಿತರು. ಈಗ ಅಲ್ಲಿ ಸಾಬೂನಿಲ್ಲ, ಹುಲ್ಲುಹೆಂಟೆಯಿಲ್ಲ. ಒಂದು ತೆಳುವಾದ ಹಗ್ಗ ಮಾತ್ರ ಇದೆ. 1963ರಲ್ಲಿ ಕೊಳವೆಯನ್ನು ತೆರವುಗೊಳಿಸಿದಂದಿನಿಂದ ಸ್ಟ್ರೊಕ್ಕುರ್ ಕೆಲವೇ ನಿಮಿಷಗಳಿಗೊಮ್ಮೆ, ಮೊದಲು ನೀಲಿ ಗಾಜಿನ ಗುಮ್ಮಟದಂತೆ ಉಬ್ಬಿ, ಮರುಕ್ಷಣದಲ್ಲಿ ಒಡೆದು ಚಿಮ್ಮುತ್ತದೆ. ಜನರೆಲ್ಲ ಅದರತ್ತ ಮುಖಮಾಡಿ ನಿಂತಿರುತ್ತಾರೆ. ಅವರ ಬೆನ್ನ ಹಿಂದೆ, 2000ದ ಭೂಕಂಪದ ತರುವಾಯ ಕೆಲಕಾಲ ಎಚ್ಚೆತ್ತು ಪುನಃ ಮೌನಕ್ಕೆ ಸಂದಿರುವ ಹಿರಿಯ ಗೇಸಿರ್, ಸಣ್ಣಗೆ ಹಬೆಯಾಡುತ್ತ, ಕಾಯುತ್ತಲೇ ಇದೆ.