ಬಣ್ಣದ ಉಣ್ಣೆ ಕೈಗವಸು: ಮಗುವಿಗೆ ಹಾಕುವ ಮೊದಲು ಒಮ್ಮೆ ಒಳಮಗ್ಗುಲು ನೋಡಿ

ಮನೆಯಲ್ಲಿ ಮಗು ಹುಟ್ಟಲಿದೆ ಎಂದು ಗೊತ್ತಾದರೆ ಸಾಕು, ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೆಯ ಸ್ವೆಟರ್ ಬಿಚ್ಚಿ ಸುತ್ತಿಟ್ಟ ಉಣ್ಣೆ ಉಂಡೆ, ಎಂದೋ ಫ್ಯಾನ್ಸಿ ಸ್ಟೋರಿನಲ್ಲಿ ಕೊಂಡು ಅರ್ಧ ಉಳಿಸಿದ ಗುಲಾಬಿ ದಾರ, ಯಾರೋ ಕೊಟ್ಟ ಹಳದಿ ಉಂಡೆ, ಎಲ್ಲವೂ ಹೊರಬರುತ್ತವೆ. ಅಜ್ಜಿಯೋ ದೊಡ್ಡಮ್ಮನೋ ಕಡ್ಡಿ ಹಿಡಿದು ಕೂರುತ್ತಾರೆ. ಎರಡು ದಿನದಲ್ಲಿ ಪುಟಾಣಿ ಟೋಪಿ, ಕಾಲುಚೀಲ, ಕೈಗವಸು ರೆಡಿ.

ಅದೇ ಅಜ್ಜಿ ಕೆನಡಾದಲ್ಲಿರುವ ಮಗನಿಗೂ ಒಂದು ಜೊತೆ ಹೆಣೆದು ಕಳಿಸುತ್ತಾರೆ. ಎರಡೂ ಪ್ರೀತಿಯ ಕೆಲಸವೇ. ಆದರೆ ಮಗನಿಗೆ ಚೆನ್ನಾಗಿ ಹೊಂದುವ ಕೈಗವಸು ಮೊಮ್ಮಗುವಿನ ಬೆರಳಿಗೆ ಅಪಾಯ ತರಬಹುದು. ಅದು ಯಾಕೆ ಎಂದು ತಿಳಿಯಲು ಕೈಗವಸಿನ ಹೊರಗಿನ ಚಿತ್ತಾರವನ್ನಲ್ಲ, ಒಳಮಗ್ಗುಲನ್ನು ನೋಡಬೇಕು.

ಗ್ಲೌಸ್ ಬೇರೆ, ಮಿಟನ್ ಬೇರೆ

ಐದು ಬೆರಳಿಗೂ ಬೇರೆ ಬೇರೆ ಗೂಡು ಇರುವುದು ಗ್ಲೌಸ್. ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕೂ ಬೆರಳಿಗೆ ಸೇರಿ ಒಂದೇ ಚೀಲ ಇರುವುದು ಮಿಟನ್. ಎಳೆಯ ಮಕ್ಕಳ ಮಿಟನ್‌ನಲ್ಲಿ ಹೆಬ್ಬೆರಳಿನ ಗೂಡೂ ಇರುವುದಿಲ್ಲ.

ಒಂದೇ ದಪ್ಪದ ಬಟ್ಟೆಯಾದರೆ ಗ್ಲೌಸ್‌ಗಿಂತ ಮಿಟನ್ ಬೆಚ್ಚಗಿರುತ್ತದೆ. ಗ್ಲೌಸ್‌ನಲ್ಲಿ ಪ್ರತಿ ಬೆರಳೂ ಒಂಟಿಯಾಗಿ ಸುತ್ತಲಿನ ಚಳಿಗೆ ಶಾಖ ಕಳೆದುಕೊಳ್ಳುತ್ತದೆ. ಮಿಟನ್‌ನಲ್ಲಿ ನಾಲ್ಕು ಬೆರಳು ಒತ್ತೊತ್ತಾಗಿದ್ದು ಒಂದರ ಶಾಖ ಇನ್ನೊಂದಕ್ಕೆ ಸಿಗುತ್ತದೆ. ಚಳಿಗೆ ತೆರೆದುಕೊಳ್ಳುವ ಮೇಲ್ಮೈಯೂ ಕಡಿಮೆ.

ಉಣ್ಣೆ ಶಾಖ ಹುಟ್ಟಿಸುತ್ತದೆಯೇ?

"ಉಣ್ಣೆ ಹಾಕಿದರೆ ಮೈಗೆ ಶಾಖ ಬರುತ್ತದೆ" ಎಂಬ ಮಾತು ಎಲ್ಲರೂ ಕೇಳಿದ್ದೇ. ನಿಜವಾಗಿ ಶಾಖ ಬರುವುದು ನಮ್ಮ ಮೈಯಿಂದ. ಉಣ್ಣೆಯ ಎಳೆಗಳು ಗುಂಗುರಾಗಿರುವುದರಿಂದ ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬೇಗ ಹಾದುಹೋಗುವುದಿಲ್ಲ. ಹಾಗಾಗಿ ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಐಸ್ ತುಂಡುಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಒಂದನ್ನು ದಪ್ಪ ಉಣ್ಣೆ ಕೈಗವಸಿನೊಳಗೆ ಇಡಿ, ಇನ್ನೊಂದನ್ನು ತಟ್ಟೆಯಲ್ಲಿ ಬಿಡಿ. ಉಣ್ಣೆ ಶಾಖ ಹುಟ್ಟಿಸುವುದಾದರೆ ಒಳಗಿನದೇ ಮೊದಲು ಕರಗಬೇಕಿತ್ತು. ಆದರೆ ಮೊದಲು ಕರಗುವುದು ತಟ್ಟೆಯಲ್ಲಿರುವುದು.

ಒಂದು ಸಣ್ಣ ತಿದ್ದುಪಡಿ ಇದೆ. ಕುರಿಯ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಳ್ಳಬಲ್ಲದು. ಹಾಗೆ ಹೀರುವಾಗ ಸ್ವಲ್ಪ ಶಾಖ ಹೊರಬರುವುದು ನಿಜ. ಆದರೆ ಅದು ಸ್ವಲ್ಪ ಹೊತ್ತಿನ ಮಾತು. ದಿನವಿಡೀ ಬೆಚ್ಚಗಿಡುವುದು ಎಳೆಗಳ ನಡುವಿನ ಗಾಳಿಯೇ.

ಬಣ್ಣದ ಚಿತ್ತಾರ ಬರೀ ಅಂದಕ್ಕಲ್ಲ

ಬಣ್ಣದ ಮಿಟನ್‌ಗಳಿಗೆ ಹೆಸರಾದದ್ದು ಯುರೋಪಿನ ಉತ್ತರದ ಚಳಿ ದೇಶಗಳು. ಲಾಟ್ವಿಯಾದಲ್ಲಿ ಹಿಂದೆ ಹುಡುಗಿಯರು ಮದುವೆಗೆ ಮೊದಲೇ ಮಿಟನ್ ಹೆಣೆದು ಪೆಟ್ಟಿಗೆ ತುಂಬಿಸುತ್ತಿದ್ದರು. ಮದುವೆಯ ದಿನ ಗಂಡಿನ ಮನೆಯ ನೆಂಟರಿಗೆಲ್ಲ ಅವೇ ಉಡುಗೊರೆ. 2006ರಲ್ಲಿ ಅಲ್ಲಿನ ರಾಜಧಾನಿ ರಿಗಾದಲ್ಲಿ ನ್ಯಾಟೋ ಶೃಂಗಸಭೆ ನಡೆದಾಗ ಬಂದ ಅತಿಥಿಗಳಿಗಾಗಿ 4,500 ಜೊತೆ ಮಿಟನ್‌ಗಳನ್ನು ಕೈಯಲ್ಲೇ ಹೆಣೆಯಲಾಗಿತ್ತು.

ನಾರ್ವೆಯ ಸೆಲ್ಬು ಎಂಬ ಊರಿನ ಕಪ್ಪು-ಬಿಳಿ ಮಿಟನ್ ಕೂಡ ಪ್ರಸಿದ್ಧ. 1857ರ ಸುಮಾರಿಗೆ ಮಾರಿತ್ ಎಮ್‌ಸ್ತಾದ್ ಎಂಬ ಹುಡುಗಿ ಎಂಟು ಎಸಳಿನ ಹೂವಿನ ಚಿತ್ತಾರದ ಮಿಟನ್ ಹೆಣೆದಳು, ಅದು ಊರಿಗೆಲ್ಲ ಹಬ್ಬಿತು ಎಂದು ಹೇಳುತ್ತಾರೆ. ಇಂದು ಆ ಹೂವು ಆ ಊರಿನ ಆಡಳಿತದ ಲಾಂಛನದಲ್ಲೂ ಇದೆ.

ಇಂಥ ಚಿತ್ತಾರ ಹೆಣೆಯುವಾಗ ಒಂದೇ ಸಾಲಿನಲ್ಲಿ ಎರಡು ಬಣ್ಣದ ದಾರ ಸಾಗುತ್ತವೆ. ಕೆಂಪು ಕುಣಿಕೆ ಹಾಕುವಾಗ ಬಿಳಿ ದಾರ ಹಿಂದುಗಡೆ ಹಾದುಹೋಗುತ್ತದೆ, ಬಿಳಿ ಹಾಕುವಾಗ ಕೆಂಪು ಹಿಂದೆ ಸರಿಯುತ್ತದೆ. ಹೀಗೆ ಒಳಗಡೆ ದಾರಗಳದ್ದೇ ಇನ್ನೊಂದು ಪದರ ಏರ್ಪಡುತ್ತದೆ, ಹೆಚ್ಚು ಗಾಳಿ ನಿಲ್ಲುತ್ತದೆ. ಒಂದೇ ಬಣ್ಣದ ಮಿಟನ್‌ಗಿಂತ ಚಿತ್ತಾರದ ಮಿಟನ್ ದಪ್ಪಗೂ ಬೆಚ್ಚಗೂ ಇರುವುದು ಇದರಿಂದಲೇ.

ಈಗ ಅಂಥದ್ದೊಂದು ಮಿಟನ್ ಇದ್ದರೆ ಒಳಗಿನದನ್ನು ಹೊರಗೆ ತಿರುಗಿಸಿ. ಅಡ್ಡಡ್ಡಲಾಗಿ ಹಾಯ್ದಿರುವ ಸಡಿಲ ದಾರಗಳು ಕಾಣುತ್ತವೆ. ದೊಡ್ಡವರ ಬೆರಳು ಅದಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುತ್ತಾರೆ. ಎರಡು ತಿಂಗಳ ಮಗು?

ಬೆರಳಿಗೆ ದಾರ ಸುತ್ತಿದರೆ ಏನಾಗುತ್ತದೆ?

ಕೂದಲು ಅಥವಾ ದಾರ ಎಳೆಮಗುವಿನ ಬೆರಳಿಗೆ ಸುತ್ತಿ ಬಿಗಿಯುವ ತೊಂದರೆಗೆ ವೈದ್ಯರು 'ಹೇರ್ ಥ್ರೆಡ್ ಟೂರ್ನಿಕೆಟ್' ಎನ್ನುತ್ತಾರೆ. ಕಾಲ್ಬೆರಳಿಗೆ ಸುತ್ತುವುದು ಹೆಚ್ಚಾಗಿ ಕೂದಲು. ಕೈಬೆರಳಿಗೆ ಸುತ್ತುವುದು ಹೆಚ್ಚಾಗಿ ದಾರ, ಅದರಲ್ಲೂ ಮಿಟನ್‌ನ ಒಳಗಿನ ದಾರ.

ಮಗು ಕೈ ಆಡಿಸಿದಷ್ಟೂ ದಾರ ಬಿಗಿಯುತ್ತದೆ. ಮೊದಲು ಬೆರಳಿನಿಂದ ರಕ್ತ ಹಿಂದಿರುಗುವ ದಾರಿ ಮುಚ್ಚುತ್ತದೆ, ಬೆರಳು ಊದುತ್ತದೆ. ಊದಿದ ಬೆರಳಿನಲ್ಲಿ ದಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಕೊನೆಗೆ ಬೆರಳಿಗೆ ರಕ್ತ ಬರುವ ದಾರಿಯೂ ಮುಚ್ಚಬಹುದು. ತಡವಾಗಿ ಗೊತ್ತಾಗಿ ಬೆರಳಿನ ತುದಿಯನ್ನೇ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇದು ಅಪರೂಪ, ಭಯ ಬೀಳುವ ಅಗತ್ಯವಿಲ್ಲ. ಆದರೆ ಮಗುವಿಗೆ ಹೇಳಲು ಬರುವುದಿಲ್ಲ, ಮಿಟನ್ ಒಳಗಿರುವ ಬೆರಳು ನಮಗೆ ಕಾಣುವುದೂ ಇಲ್ಲ.

ಹೆರಿಗೆಯಾದ ಕೆಲವು ತಿಂಗಳಲ್ಲಿ ತಾಯಿಯ ಕೂದಲು ಹೆಚ್ಚು ಉದುರುವುದು ಸಾಮಾನ್ಯ. ಆ ಕೂದಲು ಉಣ್ಣೆಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಒದ್ದೆಯಾದಾಗ ಹಿಗ್ಗುವ ಕೂದಲು ಒಣಗುತ್ತಾ ಬಿಗಿಯಾಗುತ್ತದೆ. ಹಾಗಾಗಿ ಒಗೆದ ಮೇಲೂ ಮಗುವಿನ ಕಾಲುಚೀಲ, ಕೈಗವಸುಗಳ ಒಳಭಾಗ ನೋಡಬೇಕು.

ಮಗು ಹಾಲು ಕುಡಿದು, ಬಟ್ಟೆ ಬದಲಿಸಿದ ಮೇಲೂ ಸಮಾಧಾನವಾಗದೆ ಅಳುತ್ತಿದ್ದರೆ ಕೈಗವಸು, ಕಾಲುಚೀಲ ಬಿಚ್ಚಿ ಒಂದೊಂದೇ ಬೆರಳು ನೋಡಿ. ಸಡಿಲವಾಗಿ ಸುತ್ತಿದ ದಾರ ಕಂಡರೆ ಮೆಲ್ಲಗೆ ಬಿಡಿಸಿ. ಬೆರಳು ಊದಿ ಕೆಂಪಾಗಿದ್ದರೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ, ದಾರ ಚರ್ಮದೊಳಗೆ ಇಳಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಎಣ್ಣೆ, ಅರಿಶಿನ ಹಚ್ಚಿ ಊತ ಇಳಿಯಲಿ ಎಂದು ಕಾಯಬೇಡಿ.

ಅಷ್ಟಕ್ಕೂ ಮಗುವಿಗೆ ಮಿಟನ್ ಬೇಕೇ?

"ಕೈ ತಣ್ಣಗಿದೆ, ಮಗುವಿಗೆ ಚಳಿಯಾಗಿದೆ" ಎನ್ನುವುದು ಸಾಮಾನ್ಯ ನಂಬಿಕೆ. ಆದರೆ ನವಜಾತ ಶಿಶುವಿನ ಅಂಗೈ, ಅಂಗಾಲು ಸ್ವಲ್ಪ ತಣ್ಣಗಿರುವುದು ಸಹಜ. ಚಳಿಯಾಗಿದೆಯೇ ಎಂದು ತಿಳಿಯಲು ಎದೆ, ಹೊಟ್ಟೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಮಗು ಬೆಚ್ಚಗಿದೆ. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ.

ಮುಖ ಪರಚಿಕೊಳ್ಳುತ್ತದೆ ಎಂದು ಮಿಟನ್ ಹಾಕುವವರೂ ಇದ್ದಾರೆ. ಅದಕ್ಕೆ ಉಗುರು ಕತ್ತರಿಸುವುದೇ ಉತ್ತಮ ಪರಿಹಾರ. ಮಗು ಕೈ ಬಾಯಿಗೆ ತರುವುದು ಹಸಿವಿನ ಒಂದು ಸೂಚನೆ, ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿಯೂ ಹೌದು. ಸದಾ ಕೈ ಮುಚ್ಚಿಟ್ಟರೆ ಇದಕ್ಕೆ ಅಡ್ಡಿ. ಆದರೆ ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಗುವಿಗೆ ಟೋಪಿ, ಕೈಗವಸು, ಕಾಲುಚೀಲ ಹಾಕಿ ಎಂದು ವೈದ್ಯರು ಹೇಳಿದ್ದರೆ ಅದನ್ನು ಪಾಲಿಸಿ. ಅಂಥ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ.

ಕೂಡಿಟ್ಟ ಉಣ್ಣೆ ಮತ್ತು ನುಸಿಗುಳಿಗೆ

ಅಂಗಡಿಯಲ್ಲಿ 'ಉಲ್ಲನ್' ಎಂದು ಸಿಗುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್. ಅದು ಕುರಿಯಿಂದ ಬಂದದ್ದಲ್ಲ, ಒಂದು ಬಗೆಯ ಪ್ಲಾಸ್ಟಿಕ್ ಎಳೆ. ಲೇಬಲ್ ಕಳೆದುಹೋಗಿದ್ದರೆ ಸಣ್ಣ ತುಂಡನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಮಕ್ಕಳಿಲ್ಲದ ಕಡೆ ಸುಟ್ಟು ನೋಡಬಹುದು. ಕುರಿಯ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಪುಡಿಯಾಗುವ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಬಟ್ಟೆ ತಿನ್ನುವ ಹುಳ ಒಂದು ಪತಂಗದ ಮರಿ. ಅದಕ್ಕೆ ಬೇಕಾದದ್ದು ಉಣ್ಣೆ, ಕೂದಲು, ಗರಿಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನ್. ಅಕ್ರಿಲಿಕ್‌ನಲ್ಲಿ ಅದು ಇಲ್ಲವೇ ಇಲ್ಲ. ಅಂದರೆ ಬರೀ ಅಕ್ರಿಲಿಕ್ ಉಂಡೆಗಳಿರುವ ಡಬ್ಬಿಗೆ ನುಸಿಗುಳಿಗೆ ಹಾಕಿ ಪ್ರಯೋಜನವಿಲ್ಲ.

ಪ್ರಯೋಜನವಿಲ್ಲ ಎಂಬುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನುಸಿಗುಳಿಗೆ, ಅಂದರೆ ಕೆಲವರು ಡಾಂಬರು ಗುಳಿಗೆ ಎನ್ನುವ ನ್ಯಾಫ್ತಲೀನ್, ಎಳೆಮಕ್ಕಳಿಗೆ ಅಪಾಯಕಾರಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಗಂಡು ಮಕ್ಕಳಲ್ಲಿ ಇದು ಹೆಚ್ಚು. ಅಂಥ ಮಗು ನ್ಯಾಫ್ತಲೀನ್ ಸೋಕಿದ ಬಟ್ಟೆ ಹಾಕಿಕೊಂಡಾಗ ಅಥವಾ ಅದರ ಆವಿ ಉಸಿರಾಡಿದಾಗ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಕಾಮಾಲೆ ಅತಿಯಾದರೆ ಮಿದುಳಿಗೂ ಹಾನಿ. ಕೊರತೆ ಇದೆಯೋ ಇಲ್ಲವೋ ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗುವುದಿಲ್ಲ. ಹಾಗಾಗಿ ಮಗುವಿನ ಬಟ್ಟೆ ಮತ್ತು ಅದಕ್ಕೆಂದು ಕೂಡಿಟ್ಟ ಉಣ್ಣೆಯ ಹತ್ತಿರ ನುಸಿಗುಳಿಗೆ ಬೇಡವೇ ಬೇಡ.

ಕುರಿಯ ಉಣ್ಣೆಯನ್ನು ಕಾಪಾಡಲು ಬೇರೆ ದಾರಿ ಇದೆ. ಒಗೆದು ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳದ ಅನುಮಾನವಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಒಗೆಯುವಾಗ ಬಿಸಿನೀರು, ಜೋರಾಗಿ ಉಜ್ಜುವುದು ಬೇಡ. ಉಣ್ಣೆಯ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ.

ಹಾಗಾದರೆ ಹೆಣೆಯುವುದು ಬೇಡವೇ?

ಖಂಡಿತ ಹೆಣೆಯಿರಿ. ಚಳಿ ದೇಶದಲ್ಲಿರುವ ಮಗನಿಗೆ, ಸೊಸೆಗೆ ಎರಡು ಬಣ್ಣದ ಚಿತ್ತಾರ ಹಾಕಿ. ನಾಲ್ಕೈದು ಕುಣಿಕೆಗಿಂತ ಉದ್ದಕ್ಕೆ ದಾರ ಹಿಂದೆ ಹಾಯುವಂತಿದ್ದರೆ ನಡುವೆ ಒಮ್ಮೆ ಸಿಕ್ಕಿಸಿಕೊಳ್ಳಿ. ಮಗುವಿಗಾದರೆ ಹೀಗೆ ಮಾಡಿ:

- ಎರಡು ಬಣ್ಣ ಬೇಕೆನಿಸಿದರೆ ಒಂದೇ ಸಾಲಿನಲ್ಲಿ ಬೆರೆಸಬೇಡಿ, ಪಟ್ಟೆ ಪಟ್ಟೆಯಾಗಿ ಹಾಕಿ. ಆಗ ಒಳಗೆ ಅಡ್ಡ ದಾರ ಬರುವುದಿಲ್ಲ. ದಾರದ ತುದಿಗಳನ್ನು ಒಳಕ್ಕೆ ಹೆಣೆದು ಭದ್ರಪಡಿಸಿ.
- ಒಳಗೆ ಮೆತ್ತಗಿನ ಹತ್ತಿ ಬಟ್ಟೆಯ ಅಸ್ತರು ಕೊಡಿ. ಅಸ್ತರಿನ ಹೊಲಿಗೆ ಅಂಚು ಬೆರಳಿನ ಕಡೆಗೆ ಬರದಿರಲಿ.
- ಎರಡು ಮಿಟನ್‌ಗಳನ್ನು ದಾರದಿಂದ ಜೋಡಿಸಿ ಕುತ್ತಿಗೆಗೆ ಹಾಕಬೇಡಿ. ಮಣಿಕಟ್ಟಿಗೆ ಬಿಗಿ ಲಾಡಿ, ಬಿಗಿ ಎಲಾಸ್ಟಿಕ್ ಬೇಡ.
- ಬಿಳಿ ಬಟ್ಟೆ ಒದ್ದೆ ಮಾಡಿ ಉಣ್ಣೆಯ ಮೇಲೆ ಒತ್ತಿ. ಬಣ್ಣ ಹತ್ತಿದರೆ ಆ ಉಂಡೆ ಮಗುವಿಗೆ ಬೇಡ, ಅದು ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ.
- ಪ್ರತಿಸಲ ಹಾಕುವ ಮೊದಲು ಒಳಗಿನದನ್ನು ಹೊರಗೆ ತಿರುಗಿಸಿ ನೋಡಿ. ಹಾಕಿದ ಮೇಲೂ ಆಗಾಗ ಬಿಚ್ಚಿ ಬೆರಳು ನೋಡಿ.

ಮನೆಯಲ್ಲಿ ಬಾಣಂತಿ ಇದ್ದಾರೆಯೇ? ಹೆಣೆಯುವ ಅಜ್ಜಿ ಇದ್ದಾರೆಯೇ? ಈ ಲೇಖನವನ್ನು ಬರೀ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ, ಪಕ್ಕದಲ್ಲಿ ಕೂತು ಒಂದು ಮಿಟನ್ ತಿರುಗಿಸಿ ತೋರಿಸಿ. ಒಳಗಿನ ದಾರ ಒಮ್ಮೆ ಕಣ್ಣಿಗೆ ಬಿದ್ದರೆ ಮುಂದಿನ ಜೊತೆಯನ್ನು ಹೇಗೆ ಹೆಣೆಯಬೇಕು ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.