ಅಳತೆಯ ಕೋಲೂ ಆಟದ ಮರ್ಯಾದೆಯೂ

ಸುರಪುರದ ಬೀದಿಗಳಲ್ಲಿಯೂ ಶಹಾಪುರ, ಯಾದಗಿರಿಗಳ ಬಯಲುಗಳಲ್ಲಿಯೂ ಚಿಣ್ಣಿದಾಂಡನ್ನು ಆಡಿ ಬೆಳೆದವರು ಒಂದು ಸಂಗತಿಯನ್ನು ಬಲ್ಲರು. ಹಾರಿದ ಚಿಣ್ಣಿಯು ಬಿದ್ದೆಡೆಯನ್ನು ನೋಡಿ, ಹೊಡೆದವನು ಇಷ್ಟು ದಾಂಡಿನ ದೂರವೆಂದು ಬಾಯಿಂದಲೇ ಹೇಳುವನು. ಎದುರಾಳಿಗಳು ಒಪ್ಪಿದರೆ ಆ ಲೆಕ್ಕವೇ ಸ್ಥಿರ. ಒಪ್ಪದಿದ್ದರೆ ದಾಂಡಿನಿಂದಲೇ ನೆಲವನ್ನು ಅಳೆಯುವರು. ಹೇಳಿದ್ದಕ್ಕಿಂತ ದೂರವು ಕಡಮೆಯಾದರೆ ಹೊಡೆದವನು ಸರದಿಯನ್ನು ಬಿಟ್ಟುಕೊಡಬೇಕು. ಇಲ್ಲಿ ಹೊಡೆಯುವ ಕೋಲೇ ಅಳೆಯುವ ಕೋಲು. ಕಣ್ಣಿನ ಅಂದಾಜು ಮೊದಲು, ಕೋಲಿನ ಸಾಕ್ಷ್ಯ ಅನಂತರ. ಅಳೆಯೋಣವೆಂದು ಕೇಳಿದವನ ಮೇಲೆ ಮುನಿಯುವ ಹಕ್ಕು ಯಾರಿಗೂ ಇಲ್ಲ.

ಪಾಶ್ಚಾತ್ಯರ ಗಾಲ್ಫ್ ಆಟವೂ ಕೋಲಿನಿಂದ ಹೊಡೆದು ದೂರವನ್ನು ಗೆಲ್ಲುವ ಆಟವೇ ಸರಿ. ಚೆಂಡನ್ನು ಅತ್ಯಲ್ಪ ಹೊಡೆತಗಳಲ್ಲಿ ದೂರದ ಕುಳಿಗೆ ಸೇರಿಸುವುದೇ ಅದರ ಗುರಿ. 1744ರಲ್ಲಿ ಎಡಿನ್‌ಬರೋ ನಗರದ ಆಟಗಾರರು ಲೀತ್ ಬಯಲಿನ ಪಂದ್ಯಕ್ಕಾಗಿ 13 ನಿಯಮಗಳನ್ನು ಬರೆದಿಟ್ಟರು. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಈ ಆಟದ ಸಂಘಗಳು ಹುಟ್ಟಿದವು. ಈ ಎರಡು ವರ್ಷಗಳ ನಡುವಣ ಕಾಲದಲ್ಲಿಯೇ, 1841ರಿಂದ, ಮೆಡೋಸ್ ಟೇಲರನು ಸುರಪುರದಲ್ಲಿದ್ದು ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ನಮ್ಮ ಸೀಮೆಯ ಪ್ರಾಚೀನ ಶಿಲಾಸಮಾಧಿಗಳನ್ನು ಪರಿಶೀಲಿಸಿ, ಅಳೆದು, ಅವುಗಳ ವಿವರವನ್ನು ವಿದ್ವಾಂಸರ ಮುಂದಿಟ್ಟನು. ಭೂಶೋಧಕನಿಗೆ ಅಳೆಯುವುದೇ ವಿದ್ಯೆ. ಗಾಲ್ಫಿನಲ್ಲಿಯಾದರೋ ಯಂತ್ರದಿಂದ ಅಳೆಯುವುದು ಬಹುಕಾಲ ಅಪರಾಧವೆನಿಸಿತ್ತು.

ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಕುಳಿಯು ಎಷ್ಟು ದೂರವೆಂದು ಕಣ್ಣಿನಿಂದ ಅರಿಯುವುದು ಕೈಚಳಕದಷ್ಟೇ ಮುಖ್ಯವಾದ ಕೌಶಲವೆಂದು ಹಿರಿಯರು ಎಣಿಸಿದ್ದರು. ಆದುದರಿಂದ 20ನೆಯ ಶತಮಾನದ ಉತ್ತರಾರ್ಧದ ನಿಯಮಗಳು ದೂರಮಾಪಕ ಯಂತ್ರವನ್ನು ನಿಷೇಧಿಸಿದವು; ತಪ್ಪಿದವನು ಪಂದ್ಯದಿಂದಲೇ ಹೊರಬೀಳುತ್ತಿದ್ದನು. ಆದರೂ ಬಯಲಿನಲ್ಲಿ 150 ಗಜವೆಂದು ತೋರಿಸುವ ಗುರುತನ್ನು ನೋಡುವುದಕ್ಕಾಗಲಿ, ಮೊದಲೇ ಅಳೆದು ಬರೆದ ಪುಸ್ತಕವನ್ನು ತೆರೆಯುವುದಕ್ಕಾಗಲಿ ಅಡ್ಡಿಯಿರಲಿಲ್ಲ. ಅಂದಮೇಲೆ ದೂರವು ರಹಸ್ಯವಾಗಿರಲಿಲ್ಲ. ಯಂತ್ರ ಮಾತ್ರವೇ ಅಸ್ಪೃಶ್ಯವಾಗಿತ್ತು. ಈ ವಿಸಂಗತಿಯು ಬಹುಕಾಲ ನಿಲ್ಲಲಾರದಾಯಿತು. 2006ರಲ್ಲಿ, ಪಂದ್ಯದ ಸಮಿತಿಯು ಬಯಸಿದರೆ ಸ್ಥಳೀಯ ನಿಯಮದಿಂದ ಯಂತ್ರಕ್ಕೆ ಅನುಮತಿ ಕೊಡಬಹುದೆಂದಾಯಿತು. 2016ರಲ್ಲಿ ಮೊದಲ ತಪ್ಪಿನ ಶಿಕ್ಷೆಯು ಬಹಿಷ್ಕಾರದಿಂದ ಎರಡು ಹೊಡೆತಗಳ ದಂಡಕ್ಕೆ ಇಳಿಯಿತು. 2019ರಲ್ಲಿ ಕ್ರಮವೇ ತಿರುಗಿತು: ಸಮಿತಿಯು ನಿಷೇಧಿಸದ ಹೊರತು ಯಂತ್ರವು ಸಮ್ಮತ. ಆದರೆ ನೆಲದ ಏರುತಗ್ಗನ್ನು ಯಂತ್ರದಿಂದ ಅಳೆಯುವುದು ಆ ನಿಯಮದಲ್ಲಿಯೂ ನಿಷಿದ್ಧವಾಗಿಯೇ ಉಳಿಯಿತು.

ತೊಡಕು ಇರುವುದು ಇಲ್ಲಿಯೇ. ಅನೇಕ ಯಂತ್ರಗಳಲ್ಲಿ ದೂರವನ್ನೂ ಏರುತಗ್ಗನ್ನೂ ತಿಳಿಸುವ ಎರಡು ಶಕ್ತಿಗಳೂ ಕೂಡಿಯೇ ಇವೆ. ಎರಡನೆಯದನ್ನು ಬಳಸದಿದ್ದರೆ ಯಂತ್ರವನ್ನು ಒಯ್ಯುವುದು ತಪ್ಪಲ್ಲ. ಆದರೆ ಆಟಗಾರನು ಕಣ್ಣಿಗಿಟ್ಟುಕೊಂಡ ಯಂತ್ರದೊಳಗೆ ಏನು ಕಾಣುತ್ತಿದೆಯೆಂಬುದು ಪಕ್ಕದವನಿಗೆ ತಿಳಿಯದು. ಹಾಗಾದರೆ ನಿಯಮವನ್ನು ಕಾಯುವವರು ಯಾರು?

ಗಾಲ್ಫಿನ ಉತ್ತರವು ವಿಲಕ್ಷಣವಾದುದು: ಆಡುವವನೇ ಕಾಯಬೇಕು. 1925ರಲ್ಲಿ ಅಮೆರಿಕದ ಮುಕ್ತ ಪಂದ್ಯದಲ್ಲಿ ಬಾಬಿ ಜೋನ್ಸನು ಹುಲ್ಲಿನಲ್ಲಿ ತನ್ನ ಚೆಂಡು ಅಲುಗಿತೆಂದು, ಬೇರಾರೂ ಕಾಣದಿದ್ದರೂ, ತಾನೇ ಒಂದು ಹೊಡೆತದ ದಂಡವನ್ನು ವಿಧಿಸಿಕೊಂಡನು. ಪಂದ್ಯವು ಸಮನಾಯಿತು, ಮರುಪಂದ್ಯದಲ್ಲಿ ಅವನು ಒಂದೇ ಹೊಡೆತದಿಂದ ಸೋತನು. ಆ ಒಂದು ದಂಡವಿಲ್ಲದಿದ್ದರೆ ಮರುಪಂದ್ಯವೇ ಬೇಕಾಗುತ್ತಿರಲಿಲ್ಲ.

ಎಲ್ಲರೂ ಜೋನ್ಸರಲ್ಲವಷ್ಟೆ. ಒಡನಾಡಿಯು ತಪ್ಪುವುದನ್ನು ಕಂಡವನು ಏನು ಮಾಡಬೇಕು? ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ ಕಂಡವನು ಅದನ್ನು ಮನ್ನಿಸಬಹುದು, ನಷ್ಟವು ಅವನದೇ. ಆದರೆ ಮನ್ನಿಸೋಣವೆಂದು ಇಬ್ಬರೂ ಒಪ್ಪಂದ ಮಾಡಿಕೊಂಡರೆ ಇಬ್ಬರೂ ಬಹಿಷ್ಕೃತರು. ಹಲವರು ಹೊಡೆತಗಳ ಒಟ್ಟು ಲೆಕ್ಕದಿಂದ ಸ್ಪರ್ಧಿಸುವಾಗಲಾದರೋ ಮೌನಕ್ಕೆ ಎಡೆಯಿಲ್ಲ. ಕಂಡವನು ಆ ಆಟಗಾರನಿಗೋ ಅವನ ಲೆಕ್ಕ ಬರೆಯುವವನಿಗೋ ಸಮಿತಿಗೋ ತಡಮಾಡದೆ, ಲೆಕ್ಕದ ಪತ್ರವು ಸಲ್ಲುವ ಮೊದಲೇ, ತಿಳಿಸಬೇಕೆಂದು ನಿಯಮವು ಹೇಳುತ್ತದೆ. ಏಕೆಂದರೆ ಅಲ್ಲಿ ನಷ್ಟವು ಎದುರಿಗಿಲ್ಲದವರದು. ಬಯಲಿನ ಇನ್ನೊಂದು ಮೂಲೆಯಲ್ಲಿ ಪ್ರಾಮಾಣಿಕವಾಗಿ ಆಡುತ್ತಿರುವವನದು.

ನಾವು ಸಾಮಾನ್ಯವಾಗಿ ದಾಕ್ಷಿಣ್ಯವನ್ನೇ ಮರ್ಯಾದೆಯೆಂದು ಭಾವಿಸುವೆವು. ಸ್ನೇಹಿತನ ತಪ್ಪನ್ನು ಕಂಡೂ ಸುಮ್ಮನಿರುವುದು ಸೌಜನ್ಯವೆಂದೂ ಹೇಳುವುದು ಒರಟುತನವೆಂದೂ ತಿಳಿಯುವೆವು. ಆದರೆ ಪರರ ಪಾಲಿನದನ್ನು ಕೊಟ್ಟು ಉದಾರಿಗಳೆನಿಸಿಕೊಳ್ಳುವುದು ಮರ್ಯಾದೆಯಲ್ಲ. ತಪ್ಪು ನಡೆಯುವ ಮೊದಲೇ ಮೆಲ್ಲಗೆ ಎಚ್ಚರಿಸಿದರೆ ಅದು ಸ್ನೇಹ. ನಡೆದ ಕೂಡಲೆ ನೇರವಾಗಿ ಕೇಳಿದರೆ ಅದು ನ್ಯಾಯ. ಆಗ ಸುಮ್ಮನಿದ್ದು ಸೋತ ಮೇಲೆ ಹಿಂದಿನಿಂದ ಆಡಿಕೊಂಡರೆ ಅದು ಎರಡೂ ಅಲ್ಲ.

ಯಂತ್ರವು ಗಜಗಳನ್ನು ಅಳೆದೀತು. ಅದನ್ನು ಹಿಡಿದವನ ಮನಸ್ಸನ್ನು ಅಳೆಯಲಾರದು. ನಮ್ಮ ಚಿಣ್ಣಿದಾಂಡಿನ ಹುಡುಗರು ಇದನ್ನು ಯಾವ ಪುಸ್ತಕವೂ ಇಲ್ಲದೆ ಕಲಿತರು: ದೂರವನ್ನು ಮೊದಲು ತಾನೇ ನಿಜವಾಗಿ ಹೇಳಬೇಕು, ಸಂದೇಹವಿದ್ದವನು ಎದುರಿಗೇ ಕೇಳಬೇಕು, ಅಳತೆಯು ಮುಗಿದ ಮೇಲೆ ಇಬ್ಬರೂ ಕೂಡಿ ಮತ್ತೆ ಆಡಬೇಕು.